ಸೂರ್ಯನ ಮುಖದ ಕಿರುಪಂಜುಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ—ಈ ನಾಲ್ಕು ತಾಲ್ಲೂಕುಗಳ ರೈತನಿಗೆ ಸೂರ್ಯನ ಪ್ರತಾಪವನ್ನು ಕುರಿತು ಯಾರೂ ಉಪನ್ಯಾಸ ಮಾಡಬೇಕಾಗಿಲ್ಲ. ಭೀಮೆಗೂ ಕೃಷ್ಣೆಗೂ ನಡುವೆ ಹಬ್ಬಿರುವ ಆ ಕರಿಯ ನೆಲವು ಬೇಸಗೆಯಲ್ಲಿ ಕೈ ಇಳಿಯುವಷ್ಟು ಆಳಕ್ಕೆ ಬಿರಿಯುವುದು. ಮಳೆ ಬಂದರೆ ಬಿಳಿಯ ಜೋಳ, ಬಾರದಿದ್ದರೆ ಗುಳೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತು ಅಲ್ಲಿ ಸುಮ್ಮನೆ ಹುಟ್ಟಲಿಲ್ಲ. ಇಂತಹ ಸೀಮೆಯ ಜನರು 'ಸೂರ್ಯನಲ್ಲಿ ಕಲೆಗಳು ಹೆಚ್ಚಿವೆ' ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೊಡನೆ 'ಹಾಗಾದರೆ ಈ ಸಾರಿ ಮಳೆ ಹೇಗೆ?' ಎಂದು ಕೇಳುವುದು ಸಹಜವಾಗಿಯೇ ಇದೆ. ನಾವು ಪಾಠ ಹೇಳುವ ತರಗತಿಯಲ್ಲಿಯೂ ಆ ಕಡೆಯಿಂದ ಬಂದ ಹುಡುಗರು ಮೊದಲು ಕೇಳುವ ಪ್ರಶ್ನೆ ಅದೇ.

ಪ್ರಶ್ನೆ ಹೊಸದಲ್ಲ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳೂ ವಿದ್ವಾಂಸರೂ ಇದನ್ನು ಕೇಳಿ, ಅವಸರದಿಂದ ಉತ್ತರವನ್ನೂ ಕೊಟ್ಟುಕೊಂಡಿದ್ದರು. ಸರಿಯಾದ ಉತ್ತರವನ್ನು ಹೇಳಬೇಕಾದರೆ, ಎಲ್ಲರ ಬಾಯಲ್ಲಿರುವ ದೊಡ್ಡ ಕರಿಯ ಕಲೆಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಬರಿಗಣ್ಣಿಗೆ ಎಂದೂ ಕಾಣದ, ಕರಿದಲ್ಲದೆ ಬೆಳ್ಳಗೆ ಹೊಳೆಯುವ, ಒಂದೊಂದೂ ಒಂದೊಂದು ಸಣ್ಣ ಅಯಸ್ಕಾಂತವಾಗಿರುವ ಚುಕ್ಕೆಗಳ ಕಡೆಗೆ ನೋಡಬೇಕಾಗುವುದು. ಈ ದಿನ ನಾವು ಹೇಳಬೇಕೆಂದಿರುವುದು ಅವುಗಳ ವಿಷಯ.

ಈ ವಿಷಯಕ್ಕೂ ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳಿಗೂ ಇನ್ನೊಂದು ನಂಟು ಉಂಟು. ಅದು ಅಲ್ಲಿನವರಿಗೇ ಬಹುಮಟ್ಟಿಗೆ ಮರೆತುಹೋಗಿದೆ. ೧೮೬೮ನೆಯ ಇಸವಿ ಆಗಸ್ಟ್ ೧೮, ಶ್ರಾವಣ ಮಾಸದ ಅಮಾವಾಸ್ಯೆ. ಅಂದು ಬೆಳಗ್ಗೆ ಚಂದ್ರನ ನೆರಳು ಕೊಂಕಣದ ತೀರದಲ್ಲಿ ನಮ್ಮ ನೆಲವನ್ನು ಹತ್ತಿ, ಜಮಖಂಡಿ ವಿಜಾಪುರಗಳ ಮೇಲೆ ಹಾದು, ಗುಂಟೂರು ಮಚಲೀಪಟ್ಟಣಗಳನ್ನು ಮುಸುಕಿ, ಬಂಗಾಳ ಕೊಲ್ಲಿಗೆ ಇಳಿಯಿತು. ನೆರಳಿನ ಪಟ್ಟಿಯ ಅಗಲ ಸುಮಾರು ೨೦೦ ಕಿಲೋಮೀಟರು. ನಮ್ಮ ನಾಲ್ಕು ಊರುಗಳೂ ಆ ಪಟ್ಟಿಯೊಳಗೇ ಇದ್ದುವು. ಪಟ್ಟಿಯ ನಡುವೆ ಇದ್ದವರಿಗೆ ಐದು ನಿಮಿಷಗಳಿಗೂ ಮಿಕ್ಕಿ ಹಗಲೇ ರಾತ್ರಿಯಾಯಿತು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್, ಗುಂಟೂರಿನಲ್ಲಿ ಫ್ರಾನ್ಸಿನಿಂದ ಬಂದಿದ್ದ ಜಾನ್ಸೆನ್ ಮತ್ತು ಮೇಜರ್ ಟೆನೆಂಟ್ ತಮ್ಮ ತಮ್ಮ ಉಪಕರಣಗಳನ್ನು ಹೂಡಿಕೊಂಡು ಕಾದಿದ್ದರು. ಮುಂಗಾರಿನ ಮೋಡಗಳು ಜಮಖಂಡಿಯಲ್ಲಿ ಬಹಳ ಕಾಟ ಕೊಟ್ಟುವು. ಮಳೆಗಾಗಿ ಬಾಯಿಬಿಡುವ ಸೀಮೆಯಲ್ಲಿ ಮೋಡವನ್ನು ಶಪಿಸಿದವರು ಅಂದು ಅವರೊಬ್ಬರೇ ಇರಬೇಕು.

ಅವರು ನೋಡಲು ಬಂದಿದ್ದುದು ಕವಿದ ಸೂರ್ಯನ ಅಂಚಿನಲ್ಲಿ ಏಳುವ ಕೆಂಪು ಜ್ವಾಲೆಗಳನ್ನು. ಅವು ಘನವಸ್ತುವೋ ಅನಿಲವೋ ಎಂಬುದು ಆ ವರೆಗೆ ಇತ್ಯರ್ಥವಾಗಿರಲಿಲ್ಲ. ರೋಹಿತದರ್ಶಕವೆಂಬ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಸಲಕರಣೆಯಿಂದ ನೋಡಿದಾಗ, ಮಳೆಬಿಲ್ಲಿನಂತಹ ಅಖಂಡ ಪಟ್ಟಿಗೆ ಬದಲಾಗಿ ಬಿಡಿಬಿಡಿಯಾದ ಹೊಳೆಯುವ ಗೆರೆಗಳು ಕಂಡುವು. ವಿಜಾಪುರದಲ್ಲಿ ಹೇಗ್ ಕಂಡುದು ಗುಲಾಬಿಯ ಬಣ್ಣದ ಒಂದು ಪಟ್ಟಿಯನ್ನೂ ತಿಳಿಹೊನ್ನಿನ ಬಣ್ಣದ ಇನ್ನೊಂದನ್ನೂ. ಬಿಡಿಗೆರೆಗಳು ಕಂಡುವೆಂದರೆ ಅದು ಕಾದ ಅನಿಲವೇ ಸರಿ. ಆ ಹೊನ್ನಿನ ಬಣ್ಣದ ಗೆರೆಯ ಹಿಂದೆ ಹೋದವರಿಗೆ ಕೊನೆಗೆ ಹೀಲಿಯಂ ಎಂಬ, ಭೂಮಿಯ ಮೇಲೆ ಆ ತನಕ ಯಾರೂ ಕಂಡಿರದಿದ್ದ ಮೂಲವಸ್ತು ದೊರೆತುದು ಪ್ರಸಿದ್ಧವಾದ ಕಥೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ನಮಗೆ ಬೇಕಾದುದು ಆ ದಿನ ಉತ್ತರವಿಲ್ಲದೆ ಉಳಿದ ಇನ್ನೊಂದು ಪ್ರಶ್ನೆ. ಭೂಮಿಯ ವ್ಯಾಸದ ಎಷ್ಟೋ ಪಟ್ಟು ಎತ್ತರದ ಈ ಅನಿಲದ ಕಂಬಗಳು ಸೂರ್ಯನ ಭಾರಿಯಾದ ಸೆಳೆತಕ್ಕೆ ಸಿಕ್ಕಿಯೂ ಕೆಳಗೆ ಬೀಳದೆ ನಿಲ್ಲುವುವಲ್ಲ, ಅವನ್ನು ಎತ್ತಿ ಹಿಡಿದಿರುವುದು ಯಾವುದು?

ಹಿಡಿದಿರುವುದು ಕಾಂತಶಕ್ತಿ. ಇದರ ಮೊದಲ ಸುಳಿವು ದೊರೆಯಲು ನಲವತ್ತು ವರ್ಷ ಬೇಕಾಯಿತು. ಹಾಲೆಂಡಿನ ಜೀಮನ್ನನು ೧೮೯೬ರಲ್ಲಿ, ಜ್ವಾಲೆಯನ್ನು ಬಲವಾದ ಅಯಸ್ಕಾಂತದ ನಡುವೆ ಇಟ್ಟರೆ ಅದರ ರೋಹಿತದ ಗೆರೆಗಳು ಅಗಲವಾಗಿ ಸೀಳುವುವೆಂದು ತೋರಿಸಿದನು. ಎಷ್ಟು ಬಲವಾದ ಅಯಸ್ಕಾಂತವೋ ಅಷ್ಟು ದೊಡ್ಡ ಸೀಳು. ಅಮೆರಿಕದ ಹೇಲ್ ಎಂಬಾತನು ೧೯೦೮ರಲ್ಲಿ ಸೂರ್ಯನ ಕಲೆಯ ಬೆಳಕಿನಲ್ಲಿ ಅದೇ ಬಗೆಯ ಸೀಳನ್ನು ಕಂಡನು. ೧೫ ಕೋಟಿ ಕಿಲೋಮೀಟರು ದೂರದ ಅಯಸ್ಕಾಂತವನ್ನು ಮನೆಯಲ್ಲಿ ಕುಳಿತು ಅಳೆದಂತಾಯಿತು. ನಮ್ಮ ಭೂಮಿಯ ಕಾಂತಬಲ, ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಬಲ, ಅರ್ಧ ಗೌಸಿನ ಆಸುಪಾಸಿನದು. ಸೂರ್ಯನ ದೊಡ್ಡ ಕಲೆಯ ನಡುವೆ ಅದು ಸುಮಾರು ೩,೦೦೦ ಗೌಸ್. ಅಷ್ಟು ಬಲವಾದ ಕಾಂತವು ಕೆಳಗಿನಿಂದ ಕುದಿದು ಬರುವ ಬಿಸಿಯನ್ನು ತಡೆಯುವುದು. ಆದುದರಿಂದ ಕಲೆಯು ಸುತ್ತಲಿನ ಭಾಗಕ್ಕಿಂತ ಸಾವಿರಕ್ಕೂ ಹೆಚ್ಚು ಡಿಗ್ರಿ ತಣ್ಣಗಿದ್ದು, ಕರ್ರಗೆ ಕಾಣುವುದು.

ಇಲ್ಲಿಗೆ ನಿಲ್ಲಿಸಿದರೆ ಸೂರ್ಯನ ಕಾಂತವೆಲ್ಲವೂ ಆ ಹತ್ತಾರು ಕಲೆಗಳಲ್ಲಿಯೇ ಇದೆಯೆಂದು ತೋರೀತು. ಬಹುಕಾಲ ಹಾಗೆಯೇ ತೋರಿತು. ಕಲೆಗಳಿಲ್ಲದ ಕಡೆ ಅಳೆದರೆ ಸಿಕ್ಕುತ್ತಿದ್ದುದು ಕೆಲವೇ ಗೌಸುಗಳ ಸಪ್ಪೆಯಾದ ಬಲ. ಆದರೆ ಸಪ್ಪೆಯಾದುದು ಕಾಂತವಲ್ಲ, ಅಳತೆ. ಇದನ್ನು ತಿಳಿಯಲು ಒಂದು ತಾಲ್ಲೂಕಿನ ಮಳೆಯ ಲೆಕ್ಕವನ್ನು ನೆನೆದರೆ ಸಾಕು. ಒಂದು ಸಂಜೆ ಸಿಂದಗಿ ತಾಲ್ಲೂಕಿನ ಎರಡು ಹಳ್ಳಿಗಳಲ್ಲಿ ಒಡ್ಡು ಒಡೆಯುವಂತೆ ಮಳೆ ಸುರಿದು, ಮಿಕ್ಕ ಹಳ್ಳಿಗಳಲ್ಲಿ ಹನಿಯೂ ಬೀಳದಿರಬಹುದು. ಕಚೇರಿಯ ಪುಸ್ತಕದಲ್ಲಿ ಮಾತ್ರ ತಾಲ್ಲೂಕಿಗೆಲ್ಲ ತುಂತುರು ಬಿದ್ದಂತೆ ಸರಾಸರಿ ಬರೆಯಲ್ಪಡುವುದು. ಆ ಸರಾಸರಿಯನ್ನು ನಂಬಿ ಯಾರಾದರೂ ಬಿತ್ತುವರೆ? ಖಗೋಳಜ್ಞರು ಬಹುದಿನ ಓದುತ್ತಿದ್ದುದು ಇಂತಹ ಸರಾಸರಿಯನ್ನೇ. ಅವರ ದೂರದರ್ಶಕಗಳ ಕಣ್ಣಿಗೆ ಸುರಿಮಳೆಯ ಹಳ್ಳಿ ಬೇರೆ, ಒಣಹಳ್ಳಿ ಬೇರೆ ಎಂದು ಕಾಣುತ್ತಿರಲಿಲ್ಲ.

ಏಕೆ ಕಾಣುತ್ತಿರಲಿಲ್ಲವೆಂದರೆ ಆ ಚುಕ್ಕೆಗಳು ಅಷ್ಟು ಸಣ್ಣವು. ಒಂದೊಂದರ ಅಗಲ ೧೦೦ರಿಂದ ೨೦೦ ಕಿಲೋಮೀಟರು. ಇಂಡಿಯಿಂದ ಮುದ್ದೇಬಿಹಾಳಕ್ಕೆ ಗೆರೆ ಎಳೆದಷ್ಟು ಎಂದುಕೊಳ್ಳಿರಿ. ಅದು ನಮಗೆ ದೊಡ್ಡದೇ. ಆದರೆ ಸೂರ್ಯನ ವ್ಯಾಸ ಸುಮಾರು ೧೪ ಲಕ್ಷ ಕಿಲೋಮೀಟರು, ದೂರ ೧೫ ಕೋಟಿ. ಅಲ್ಲಿಯ ಒಂದು ಚುಕ್ಕೆಯನ್ನು ಇಲ್ಲಿಂದ ಗುರುತಿಸುವುದೆಂದರೆ, ಸಿಂದಗಿಯ ಪೇಟೆಯಲ್ಲಿ ಒಂದು ಬಿಳಿಜೋಳದ ಕಾಳನ್ನಿಟ್ಟು ಅದನ್ನು ನಾಲ್ಕು ಕಿಲೋಮೀಟರು ದೂರದ ಹೊಲದಿಂದ ಗುರುತಿಸಿದಂತೆ. ಅದರ ಮೇಲೆ ಬಿಸಿಲ್ಗುದುರೆಯ ಉಪದ್ರವ ಬೇರೆ. ಬೇಸಗೆಯ ಹೊಲದ ಮೇಲೆ ಗಾಳಿ ಕುಣಿದು ದೂರದ ಮರಗಳನ್ನು ಕದಡುವಂತೆ, ಭೂಮಿಯ ವಾಯುಮಂಡಲವು ಸೂರ್ಯಬಿಂಬವನ್ನು ಸದಾ ಕದಡುತ್ತಿರುವುದು.

ಕಾಣದಿದ್ದ ಚುಕ್ಕೆಗಳ ಬಲವನ್ನು ಕಾಣದೆಯೇ ಅಳೆದುದು ಒಂದು ಜಾಣತನದ ಕೆಲಸ. ಕಬ್ಬಿಣದ ಅನಿಲದಿಂದ ಬರುವ ಎರಡು ಗೆರೆಗಳುಂಟು. ಮಿಕ್ಕೆಲ್ಲ ಗುಣಗಳಲ್ಲಿ ಅವು ಅವಳಿಮಕ್ಕಳಂತೆ, ಕಾಂತಕ್ಕೆ ಸೀಳುವ ಪ್ರಮಾಣ ಮಾತ್ರ ಬೇರೆ. ಕಾಂತವು ನಿಜವಾಗಿ ಸಪ್ಪೆಯಾಗಿ ಎಲ್ಲೆಡೆ ಹರಡಿದ್ದರೆ ಎರಡರ ಸೀಳೂ ಲೆಕ್ಕದ ಪ್ರಮಾಣದಲ್ಲಿರಬೇಕು. ಬಲವಾಗಿ ಕೆಲವೇ ಕಡೆ ಗುಂಪಾಗಿದ್ದರೆ, ಹೆಚ್ಚು ಸೀಳುವ ಗೆರೆಯು ಮಿತಿ ಮೀರಿ ಸೀಳಿ ಲೆಕ್ಕ ತಪ್ಪುವುದು. ಒಂದೇ ಘಟನೆಗೆ ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆ ಕೂರಿಸಿ ವಿಚಾರಿಸಿದಂತೆ. ಸ್ಟೆನ್‌ಫ್ಲೋ ಎಂಬ ವಿಜ್ಞಾನಿಯು ೧೯೭೩ರಲ್ಲಿ ಈ ವಿಚಾರಣೆಯ ಫಲವನ್ನು ಪ್ರಕಟಿಸಿದನು. ಲೆಕ್ಕ ತಪ್ಪಿತ್ತು. ಕಲೆಯಿಲ್ಲದ ಶಾಂತವಾದ ಸೂರ್ಯನಲ್ಲಿಯೂ ಅಳತೆಗೆ ಸಿಕ್ಕಿದ ಕಾಂತದ ಬಹುಭಾಗ ೧,೦೦೦ ಗೌಸಿಗೂ ಮೀರಿದ ಬಲದಿಂದ ಸೂಜಿಮೊನೆಯಂತಹ ಜಾಗಗಳಲ್ಲಿ ಒತ್ತಿಕೊಂಡಿತ್ತು. ಎಂದರೆ ಭೂಮಿಯ ಕಾಂತಕ್ಕಿಂತ ಎರಡು ಮೂರು ಸಾವಿರ ಪಟ್ಟು. ಆ ಚುಕ್ಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ದೂರದರ್ಶಕಗಳು ಆಮೇಲೆ ಒಂದೊಂದಾಗಿ ಬಂದುವು. ಹವಾಯಿ ದ್ವೀಪದಲ್ಲಿ ೪ ಮೀಟರು ಕನ್ನಡಿಯಿಂದ ಕಟ್ಟಿರುವ ದೂರದರ್ಶಕವು ೨೦೨೦ರ ಜನವರಿಯಲ್ಲಿ ಮೊದಲ ಚಿತ್ರಗಳನ್ನು ಕೊಟ್ಟಾಗ, ಅದರಲ್ಲಿ ೩೦ ಕಿಲೋಮೀಟರು ಅಗಲದ ವಿವರಗಳು ಕೂಡ ಕಂಡುವು.

ಹಾಗಾದರೆ ಕಾಂತವು ಹೀಗೆ ಏಕೆ ಗುಂಪುಗೂಡುವುದು? ಸೂರ್ಯನ ಮೇಲ್ಮೈ ಸದಾ ಕುದಿಯುತ್ತಿರುವುದು. ಗಡಿಗೆಯಲ್ಲಿ ಜೋಳದ ನುಚ್ಚು ಕುದಿಯುವಾಗ ನಡುನಡುವೆ ಗುಳ್ಳೆ ಉಬ್ಬಿ ಬದಿಗೆ ಹರಿದು ಒಳಗೆ ಇಳಿಯುವುದನ್ನು ನೋಡಿದ್ದೀರಷ್ಟೆ. ಸೂರ್ಯನಲ್ಲಿ ಒಂದೊಂದು ಗುಳ್ಳೆಯೂ ಸುಮಾರು ೧,೦೦೦ ಕಿಲೋಮೀಟರು ಅಗಲ. ಅದರ ಆಯುಸ್ಸು ಹತ್ತು ನಿಮಿಷಕ್ಕೆ ಒಳಗೆ. ಬಿಸಿಯಾದ ಅನಿಲವು ನಡುವೆ ಮೇಲೆದ್ದು, ತಣಿದು, ಅಂಚಿನ ಕಿರಿದಾದ ಓಣಿಗಳಲ್ಲಿ ಕೆಳಕ್ಕೆ ಇಳಿಯುವುದು. ಇಂತಹ ಬಿಸಿಯಲ್ಲಿ ಅನಿಲವು ವಿದ್ಯುತ್ತನ್ನು ಹರಿಯಗೊಡುವುದರಿಂದ ಕಾಂತದ ಎಳೆಗಳು ಅದಕ್ಕೆ ಅಂಟಿಕೊಂಡು ಎಳೆದತ್ತ ಬರುವುವು. ಮಳೆನೀರು ಹೊಲದ ಕಸಕಡ್ಡಿಯನ್ನೆಲ್ಲ ಕೊಚ್ಚಿ ಒಡ್ಡಿನ ಬಳಿ ಕೂಡಿಸುವಂತೆ, ಹರಿಯುವ ಅನಿಲವು ಕಾಂತದ ಎಳೆಗಳನ್ನು ಓಣಿಗಳಿಗೆ ತಳ್ಳಿ ಕೂಡಿಸುವುದು. ಈ ಸಣ್ಣ ಗುಳ್ಳೆಗಳಲ್ಲದೆ ೩೦,೦೦೦ ಕಿಲೋಮೀಟರು ಅಗಲದ, ಒಂದು ದಿನದಷ್ಟು ಬಾಳುವ ದೊಡ್ಡ ಸುಳಿಗಳೂ ಉಂಟು. ಅವುಗಳ ಅಂಚಿನಲ್ಲಿ ಈ ಚುಕ್ಕೆಗಳು ಸಾಲುಗಟ್ಟಿ ಸೂರ್ಯನಿಗೆಲ್ಲ ಒಂದು ಬಲೆಯನ್ನು ಹೊದಿಸಿದಂತೆ ತೋರುವುದು. ಕಲೆಗಳು ಒಂದೂ ಇಲ್ಲದ ದಿನವೂ ಈ ಬಲೆ ಇದ್ದೇ ಇರುವುದು.

ಓಣಿಗೆ ಬಂದ ಮೇಲೆ ಇನ್ನೊಂದು ಕ್ರಿಯೆ ನಡೆಯುವುದು. ಎಳೆಗಳ ಕಟ್ಟಿನೊಳಗಿನ ಅನಿಲವು ತಣಿದು ಭಾರವಾಗಿ ಕೆಳಕ್ಕೆ ಸೋರಿಹೋಗುವುದು. ಒಳಗೆ ಬರಿದಾದಷ್ಟೂ ಹೊರಗಿನ ಅನಿಲವು ಕಟ್ಟನ್ನು ಬಿಗಿಯಾಗಿ ಅಮುಕುವುದು. ಅಮುಕಿದಷ್ಟೂ ಕಾಂತವು ಬಲಿಯುವುದು. ಕಾಂತಕ್ಕೂ ತನ್ನದೇ ಆದ ಒತ್ತಡವಿರುವುದರಿಂದ ಸುಮಾರು ೧,೫೦೦ ಗೌಸಿನ ಹೊತ್ತಿಗೆ ಒಳಗಿನ ಒತ್ತಡವೂ ಹೊರಗಿನ ಒತ್ತಡವೂ ಸರಿದೂಗಿ ಅಮುಕುವುದು ನಿಲ್ಲುವುದು. ಸೂರ್ಯನ ಎಲ್ಲ ಭಾಗಗಳಲ್ಲಿಯೂ ಈ ಚುಕ್ಕೆಗಳ ಬಲ ಹೆಚ್ಚುಕಡಮೆ ಒಂದೇ ಆಗಿರುವುದಕ್ಕೆ ಕಾರಣ ಇದೇ.

ಈಗ ಈ ವಿಷಯದ ಸ್ವಾರಸ್ಯವೆಲ್ಲ ಅಡಗಿರುವ ಪ್ರಶ್ನೆಗೆ ಬರೋಣ. ದೊಡ್ಡ ಕಲೆಯೂ ಕಾಂತವೇ, ಸಣ್ಣ ಚುಕ್ಕೆಯೂ ಕಾಂತವೇ. ದೊಡ್ಡದು ಕರ್ರಗಿರುವಾಗ ಸಣ್ಣದು ಸುತ್ತಲಿನ ಭಾಗಕ್ಕಿಂತಲೂ ಬೆಳ್ಳಗೆ ಹೊಳೆಯುವುದೇಕೆ?

ಬರಿದಾದ ಕಟ್ಟಿನೊಳಗೆ ಅನಿಲವು ತೆಳ್ಳಗಿರುವುದರಿಂದ ನಮ್ಮ ದೃಷ್ಟಿ ಅಲ್ಲಿ ಹೆಚ್ಚು ಆಳಕ್ಕೆ ಇಳಿಯುವುದು. ಆ ಚುಕ್ಕೆಯೆಂದರೆ ಸೂರ್ಯನ ಮೈಯಲ್ಲಿ ತೋಡಿದ ಒಂದು ಬಾವಿ. ಬಾವಿಯ ತಳ ತಣ್ಣಗಿದೆ, ಏಕೆಂದರೆ ಕಾಂತವು ಕುದಿತವನ್ನು ತಡೆದಿದೆ. ಆದರೆ ಅದರ ಗೋಡೆಗಳು ಸೂರ್ಯನ ಒಳಗಿನ ಬಿಸಿಗೆ ಹತ್ತಿಕೊಂಡಿವೆ. ಅವು ನಿಗಿನಿಗಿ ಉರಿಯುತ್ತವೆ. ಬಾವಿ ಕಿರಿದಾಗಿದ್ದರೆ ಗೋಡೆಗಳ ಬೆಳಕು ಬಾವಿಯನ್ನೆಲ್ಲ ತುಂಬುವುದು. ಬೂದಿ ಮುಚ್ಚಿದ ಕೆಂಡದ ಒಲೆಯಲ್ಲಿ ಕಡ್ಡಿಯಿಂದ ತೂತು ಮಾಡಿದರೆ ತೂತು ಬೂದಿಗಿಂತ ಹೊಳೆಯುವಂತೆಯೇ ಇದು. ಬಾವಿಗೆ ಬದಲು ಕೆರೆಯಷ್ಟು ಅಗಲವಾಯಿತೆನ್ನಿರಿ. ಆಗ ದಡದ ಬೆಳಕು ದಡದಲ್ಲಿಯೇ ಉಳಿದು, ನಡುವಿನ ತಣ್ಣನೆಯ ತಳ ಕರ್ರಗೆ ಕಾಣುವುದು. ಬಾವಿ ಕೆರೆಯಾಗುವ ಗಡಿ ಸುಮಾರು ಸಾವಿರ ಕಿಲೋಮೀಟರಿನ ಆಸುಪಾಸಿನಲ್ಲಿದೆ. ಇಷ್ಟೇ ಭೇದ. ವಸ್ತು ಒಂದೇ, ಗಾತ್ರ ಬೇರೆ, ಬಣ್ಣ ತಿರುಗುಮುರುಗು. ಭೌತಶಾಸ್ತ್ರದಲ್ಲಿ ಇಷ್ಟು ಚೊಕ್ಕವಾದ ವಿವರಣೆಗಳು ನಮಗೆ ದಿನವೂ ದೊರೆಯುವುದಿಲ್ಲ.

ಈ ಚುಕ್ಕೆಗಳು ಗುಂಪಾಗಿರುವ ಕಡೆಗಳನ್ನು ಹಳೆಯ ಕಾಲದ ವೀಕ್ಷಕರೂ ಸೂರ್ಯನ ಅಂಚಿನ ಬಳಿ ಬೆಳ್ಳನೆಯ ತೇಪೆಗಳಾಗಿ ಕಂಡಿದ್ದರು. ಲ್ಯಾಟಿನ್ ಭಾಷೆಯಲ್ಲಿ ಅವಕ್ಕೆ ಫ್ಯಾಕ್ಯುಲೆ, ಎಂದರೆ ಸಣ್ಣ ಪಂಜುಗಳು ಎಂದು ಹೆಸರು. ನಾವು ಕಿರುಪಂಜುಗಳು ಎಂದು ಕರೆಯೋಣ. ಅಂಚಿನಲ್ಲಿಯೇ ಅವು ಚೆನ್ನಾಗಿ ಕಾಣುವುದೇಕೆಂಬುದೂ ಈಗ ತಿಳಿಯುವುದು. ಅಲ್ಲಿ ನಾವು ಬಾವಿಯನ್ನು ನೇರವಾಗಿ ಬಗ್ಗಿ ನೋಡದೆ ಓರೆಯಾಗಿ ನೋಡುವುದರಿಂದ, ಉರಿಯುವ ಗೋಡೆಯೇ ಕಣ್ಣಿಗೆ ಎದುರಾಗುವುದು.

ಇನ್ನು ರೈತನ ಪ್ರಶ್ನೆ. ಸೂರ್ಯನ ಕಲೆಗಳು ಸುಮಾರು ೧೧ ವರ್ಷಗಳಿಗೊಮ್ಮೆ ಹೆಚ್ಚಿ ಕಡಮೆಯಾಗುವುವು; ಅವು ಹೀಗೆ ಕ್ರಮವಾಗಿ ಏರಿಳಿಯುವುದನ್ನು ಜರ್ಮನಿಯ ಶ್ವಾಬೆ ೧೮೪೩ರಲ್ಲಿ ತಿಳಿಸಿದ್ದನು. ೧೮೭೬ರಲ್ಲಿ ದಖ್ಖನಿನ ಮೇಲೆ ಮಳೆ ತಪ್ಪಿತು. ಆಗ ನಮ್ಮ ನಾಲ್ಕು ತಾಲ್ಲೂಕುಗಳು ಕಲಾದಗಿ ಜಿಲ್ಲೆಗೆ ಸೇರಿದ್ದುವು. ಮುಂಬಯಿ ಇಲಾಖೆಯಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಅದು ಒಂದು. ಬರವು ೧೮೭೮ರ ವರೆಗೆ ದಕ್ಷಿಣವನ್ನೆಲ್ಲ ತಿಂದಿತು. ಸತ್ತವರ ಲೆಕ್ಕ ಲಕ್ಷಗಳಲ್ಲಿ. ೧೮೭೭ರಲ್ಲಿ ಸರ್ಕಾರದ ಅಂಕಿಅಂಶಗಳ ಅಧಿಕಾರಿ ಹಂಟರನು ಮದರಾಸಿನ ಮಳೆಯ ಲೆಕ್ಕಗಳನ್ನು ಕಲೆಗಳ ಲೆಕ್ಕದ ಪಕ್ಕದಲ್ಲಿಟ್ಟು, ಕಲೆಗಳು ಅತಿ ಕಡಮೆಯಾಗುವ ಕಾಲದಲ್ಲಿ ಮಳೆಯೂ ತಪ್ಪುವುದೆಂದು ಬರೆದನು. ಅದೇ ವರ್ಷ ಅವನೂ, ಹೀಲಿಯಮ್ಮಿನ ಕಥೆಯ ಲಾಕಿಯರನೂ ಕೂಡಿ ಸೂರ್ಯನ ಕಲೆಗಳನ್ನೂ ಬರಗಾಲಗಳನ್ನೂ ಕುರಿತು ಲಂಡನ್ನಿನ ಪತ್ರಿಕೆಯಲ್ಲಿ ಲೇಖನ ಬರೆದರು. ಬರಕ್ಕೆ ಕಾರಣ ಸೂರ್ಯನೆಂದಾಗಿದ್ದರೆ ಅನೇಕರಿಗೆ ಅನುಕೂಲವೇ ಆಗುತ್ತಿತ್ತು. ಆ ವರ್ಷಗಳಲ್ಲಿಯೂ ಈ ದೇಶದಿಂದ ಇಂಗ್ಲೆಂಡಿಗೆ ಗೋದಿ ರಫ್ತಾಗುತ್ತಲೇ ಇತ್ತೆಂಬುದನ್ನು ಸೂರ್ಯನ ತಲೆಗೆ ಕಟ್ಟಲು ಬರುವುದಿಲ್ಲವಷ್ಟೆ.

ಆದರೂ ಆ ಸಂಶಯದಿಂದ ಒಂದು ಒಳ್ಳೆಯ ಫಲ ಬಂದಿತು. ಸೂರ್ಯನನ್ನು ದಿನವೂ ನೋಡಿ ಮಳೆಯ ಗುಟ್ಟನ್ನು ತಿಳಿಯಬಹುದೆಂಬ ಆಸೆಯು, ೧೮೯೯ರಲ್ಲಿ ಪಳನಿ ಬೆಟ್ಟಗಳ ಮೇಲೆ ಕೊಡೈಕನಾಲಿನಲ್ಲಿ ಸೌರವೀಕ್ಷಣಾಲಯ ಸ್ಥಾಪಿತವಾಗಲು ಕಾರಣಗಳಲ್ಲೊಂದಾಯಿತು. ಅಲ್ಲಿಯೇ ೧೯೦೯ರಲ್ಲಿ ಎವರ್ಷೆಡ್ಡನು ಕಲೆಗಳಲ್ಲಿ ಅನಿಲವು ನಡುವಿನಿಂದ ಹೊರಕ್ಕೆ ಹರಿಯುವುದನ್ನು ಕಂಡುಹಿಡಿದನು. ನಮ್ಮ ವಿಷಯಕ್ಕೆ ಅದಕ್ಕಿಂತ ಬೆಲೆಯುಳ್ಳದು ಅಲ್ಲಿಯ ಗಾಜಿನ ಫಲಕಗಳ ಭಂಡಾರ. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ, ಸುಣ್ಣದ ಮೂಲವಸ್ತುವಾದ ಕ್ಯಾಲ್ಸಿಯಮ್ಮಿನ ನೇರಿಳೆ ಬೆಳಕಿನಲ್ಲಿ ಅಲ್ಲಿ ಸೂರ್ಯನ ಚಿತ್ರಗಳನ್ನು ತೆಗೆಯುತ್ತ ಬಂದರು. ಎಲ್ಲಿ ಕಾಂತದ ಚುಕ್ಕೆಗಳು ನೆರೆದಿವೆಯೋ ಅಲ್ಲಿ ಮೇಲಿನ ಅನಿಲ ಹೆಚ್ಚು ಕಾದು, ಆ ಬೆಳಕಿನಲ್ಲಿ ಬೆಳ್ಳಗೆ ತೋರುವುದು. ಬಿಡಿಚುಕ್ಕೆ ಕಾಣದಿದ್ದರೂ ಬಲೆ ಕಾಣುವುದು. ಕಾಂತವನ್ನು ನೇರವಾಗಿ ಅಳೆಯುವ ವಿದ್ಯೆ ಹುಟ್ಟುವ ಮುಂಚಿನ ಸೂರ್ಯನ ಕಾಂತದ ಚರಿತ್ರೆಯನ್ನು ಇಂದಿನವರು ಆ ಫಲಕಗಳಿಂದ ಓದುತ್ತಿದ್ದಾರೆ. ಫಲಕಗಳ ಚಿತ್ರಗಳನ್ನು ಈಗ ಗಣಕಯಂತ್ರಕ್ಕೆ ಇಳಿಸಿದ್ದಾರೆ. ಅವುಗಳ ಒಡೆತನ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯದು.

ಹಂಟರನ ಲೆಕ್ಕ ಏನಾಯಿತು? ೧೯೦೪ರಿಂದ ೧೯೨೪ರ ವರೆಗೆ ಭಾರತದ ವೀಕ್ಷಣಾಲಯಗಳ ಮುಖ್ಯಾಧಿಕಾರಿಯಾಗಿದ್ದ ಗಿಲ್ಬರ್ಟ್ ವಾಕರನು ಗಣಿತಜ್ಞ. ಅಂಕಿಗಳನ್ನು ಕಣ್ಣಳತೆಯಿಂದ ನಂಬುವವನಲ್ಲ. ಕಲೆಗಳಿಗೂ ಮಳೆಗೂ ಇರುವ ಸಂಬಂಧ ಬಹಳ ದುರ್ಬಲವೆಂದು ಅವನ ಲೆಕ್ಕ ತೋರಿಸಿತು. ಅದಕ್ಕೆ ಬದಲಾಗಿ, ಪೆಸಿಫಿಕ್ ಸಾಗರಕ್ಕೂ ಹಿಂದೂ ಸಾಗರಕ್ಕೂ ನಡುವೆ ವಾಯುವಿನ ಒತ್ತಡವು ತಕ್ಕಡಿಯಂತೆ ತೂಗಾಡುವುದನ್ನು ಅವನು ಕಂಡನು. ೧೮೭೭ನೆಯ ವರ್ಷ ಪೆಸಿಫಿಕ್ ಸಾಗರವು ಅಸಾಧಾರಣವಾಗಿ ಬಿಸಿಯೇರಿದ ವರ್ಷವೆಂದು ಇಂದು ನಮಗೆ ತಿಳಿದಿದೆ.

ಸೂರ್ಯನ ಬೆಳಕು ನಿಜವಾಗಿ ಎಷ್ಟು ಏರಿಳಿಯುವುದೆಂಬುದು ಮಾತ್ರ ೧೯೭೮ರ ವರೆಗೆ ತಿಳಿಯಲಿಲ್ಲ. ಆ ವರ್ಷದ ಕೊನೆಯಿಂದ ಕೃತಕ ಉಪಗ್ರಹಗಳು ವಾಯುಮಂಡಲದ ಮೇಲಿನಿಂದ ಅದನ್ನು ಎಡೆಬಿಡದೆ ಅಳೆಯುತ್ತಿವೆ. ಒಂದು ಚದರ ಮೀಟರಿಗೆ ಸುಮಾರು ೧,೩೬೧ ವಾಟ್ ಬೆಳಕು ಬರುವುದು. ದೊಡ್ಡ ಕಲೆಗಳ ಗುಂಪೊಂದು ಸೂರ್ಯನ ಮುಖವನ್ನು ದಾಟುವಾಗ ಕೆಲವು ದಿನ ಬೆಳಕು ಸ್ವಲ್ಪ ಇಳಿಯುವುದು. ಇದು ಎಲ್ಲರೂ ಎದುರುನೋಡಿದಂತೆಯೇ. ಎದುರುನೋಡದಿದ್ದುದು ಇನ್ನೊಂದು. ಇಡೀ ೧೧ ವರ್ಷಗಳನ್ನು ನೋಡಿದರೆ, ಕಲೆಗಳು ಅತಿ ಹೆಚ್ಚಾಗಿರುವಾಗಲೇ ಸೂರ್ಯನು ಅತಿ ಪ್ರಕಾಶವಾಗಿರುವನು! ಕಲೆಗಳು ಹೆಚ್ಚಾದಾಗ ಅವುಗಳಿಗಿಂತ ಎಷ್ಟೋ ಹೆಚ್ಚು ಜಾಗವನ್ನು ಕಿರುಪಂಜುಗಳು ಆವರಿಸುವುವು. ಕಲೆಗಳು ಮಾಡಿದ ನಷ್ಟವನ್ನು ತುಂ‍ಬಿಕೊಟ್ಟು ಮೇಲೆ ಲಾಭವನ್ನೂ ತೋರಿಸುವುವು. ದೊಡ್ಡ ಸಾಲಗಾರನೊಬ್ಬನ ಬಾಕಿಯನ್ನು ಸಾವಿರ ಜನ ಕೂಲಿಗಳು ತೀರಿಸಿದಂತೆ. ಆದರೆ ಆ ಲಾಭವೆಷ್ಟು? ಸಾವಿರಕ್ಕೆ ಒಂದು ಪಾಲು, ಎಂದರೆ ೧,೩೬೧ರಲ್ಲಿ ಸುಮಾರು ಒಂದೂಕಾಲು ವಾಟ್.

ಇದರಿಂದ ಹಂಟರನ ಊಹೆಗೆ ಎಷ್ಟು ಆಧಾರವುಂಟು ಎಂಬುದನ್ನು ತಾವೇ ತೂಗಿ ನೋಡಬಹುದು. ೧೮೭೮ರಲ್ಲಿ ಕಲೆಗಳು ಅತಿ ಕಡಮೆಯಾಗಿದ್ದುದು ನಿಜ. ಆದುದರಿಂದ ಸೂರ್ಯನು ಸಾವಿರಕ್ಕೊಂದು ಪಾಲು ಮಂಕಾಗಿದ್ದಿರಬೇಕು. ಭೂಮಿಯ ಒಟ್ಟು ಉಷ್ಣತೆಯ ಮೇಲೆ ಇದರ ಪರಿಣಾಮ ಒಂದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು. ಇಂಡಿಯ ಒಂದು ಹೊಲಕ್ಕೆ ಮಳೆ ತಪ್ಪಿಸುವ ಕೆಲಸವನ್ನು ಅದಕ್ಕೆ ಹೊರಿಸುವುದು ಅನ್ಯಾಯ. ಹಾಗೆಂದು ಸೂರ್ಯನಿಗೆ ಪೂರ್ತಿ ಬಿಡುಗಡೆಯ ಪತ್ರವನ್ನು ಬರೆದುಕೊಡಲೂ ಆಗದು. ಕಿರುಪಂಜುಗಳ ಮಹಿಮೆ ಕಣ್ಣಿಗೆ ಕಾಣುವ ಬೆಳಕಿಗಿಂತ ಅತಿನೇರಿಳೆಯಲ್ಲಿ ಹೆಚ್ಚು. ಅದರ ಏರಿಳಿತ ಕೆಲವು ಭಾಗಗಳಲ್ಲಿ ನೂರಕ್ಕೆ ಹಲವು ಪಾಲು. ಆ ಬೆಳಕು ಎತ್ತರದ ವಾಯುಮಂಡಲದ ಓಜೋನಿನಲ್ಲಿ ಹೀರಿಹೋಗಿ ಅಲ್ಲಿಯ ಬಿಸಿಯನ್ನು ಬದಲಿಸುವುದು. ಅಲ್ಲಿಂದ ಕೆಳಗಿನ ಹವೆಗೆ ಏನು ಇಳಿಯುವುದೆಂಬ ಚರ್ಚೆ ವಿದ್ವಾಂಸರಲ್ಲಿ ನಡೆಯುತ್ತಲೇ ಇದೆ.

ಈ ಅತಿನೇರಿಳೆ ಬೆಳಕು ನೆಲಕ್ಕೆ ಸರಿಯಾಗಿ ತಲಪುವುದಿಲ್ಲವಾದುದರಿಂದ ಅದನ್ನು ನೋಡಲು ಮೇಲಕ್ಕೇ ಹೋಗಬೇಕು. ೨೦೨೩ರ ಸೆಪ್ಟೆಂಬರ್ ೨ರಂದು ಶ್ರೀಹರಿಕೋಟೆಯಿಂದ ಹೊರಟು, ೨೦೨೪ರ ಜನವರಿ ೬ರಂದು ಭೂಮಿಯಿಂದ ೧೫ ಲಕ್ಷ ಕಿಲೋಮೀಟರು ದೂರದ ತನ್ನ ನೆಲೆಯನ್ನು ಸೇರಿದ ಆದಿತ್ಯ-ಎಲ್೧ ನೌಕೆಯಲ್ಲಿ, ಪುಣೆಯ ವಿಜ್ಞಾನಿಗಳು ರೂಪಿಸಿದ ದೂರದರ್ಶಕವೊಂದು ಈ ಬೆಳಕಿನಲ್ಲಿಯೇ ಸೂರ್ಯನ ಪೂರ್ಣಬಿಂಬದ ಚಿತ್ರವನ್ನು ತೆಗೆಯುವುದು. ಅದೇ ನೌಕೆಯ ಇನ್ನೊಂದು ಉಪಕರಣ, ೧೮೬೮ರಲ್ಲಿ ಚಂದ್ರನು ಮಾಡಿದ ಮರೆಯನ್ನು ತಾನೇ ಮಾಡಿಕೊಂಡು ಸೂರ್ಯನ ಹೊರಗಿನ ಪ್ರಭೆಯನ್ನು ನೋಡುವಂತಹುದು; ಅದು ತಯಾರಾದುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ. ಬಿಡಿಚುಕ್ಕೆಗಳನ್ನು ನೋಡುವುದು ಮಾತ್ರ ಇವುಗಳಿಂದ ಆಗದು. ಅದಕ್ಕೆ ನೆಲದ ಮೇಲಿನ ದೊಡ್ಡ ಕನ್ನಡಿಯೇ ಬೇಕು. ಲಡಾಖಿನ ಪ್ಯಾಂಗಾಂಗ್ ಸರೋವರದ ದಡದಲ್ಲಿ ೨ ಮೀಟರಿನ ಕನ್ನಡಿಯನ್ನು ನಿಲ್ಲಿಸಬೇಕೆಂಬುದು ಬೆಂಗಳೂರಿನ ಸಂಸ್ಥೆಯ ಬಹುದಿನದ ಯೋಜನೆ.

ಕಿರುಪಂಜುಗಳ ಗುಂಪನ್ನು ನೋಡಲು ಕೇಳುಗರು ಲಡಾಖಿಗೆ ಹೋಗಬೇಕಾಗಿಲ್ಲ. ಆದರೆ ಬರಿಗಣ್ಣಿನಿಂದಾಗಲಿ ದುರ್ಬೀನಿನ ಮೂಲಕವಾಗಲಿ ಸೂರ್ಯನನ್ನು ಎಂದಿಗೂ ನೋಡಕೂಡದು. ಕಣ್ಣು ಹೋಗುವುದಕ್ಕೆ ಕ್ಷಣ ಸಾಕು. ಗ್ರಹಣವನ್ನು ಸೆಗಣಿಯ ನೀರಿನಲ್ಲಿ ನೋಡುವ ನಮ್ಮ ಹಳೆಯ ಪದ್ಧತಿಯೂ ಕ್ಷೇಮಕರವಲ್ಲ. ಒಂದು ಸಣ್ಣ ದೂರದರ್ಶಕವನ್ನು ಸೂರ್ಯನ ಕಡೆಗೆ ತಿರುಗಿಸಿ, ಅದರೊಳಗೆ ಯಾರೂ ಇಣುಕದಂತೆ ಕಾದುಕೊಂಡು, ಹಿಂದೆ ಒಂದು ಅಡಿ ದೂರದಲ್ಲಿ ಬಿಳಿಯ ಕಾಗದವನ್ನು ಹಿಡಿಯಿರಿ. ದೂರದರ್ಶಕದ ಸುತ್ತ ರಟ್ಟನ್ನು ಕಟ್ಟಿ ಕಾಗದದ ಮೇಲೆ ನೆರಳು ಬೀಳುವಂತೆ ಮಾಡಬೇಕು. ತಟ್ಟೆಯಷ್ಟು ದೊಡ್ಡ ಸೂರ್ಯಬಿಂಬ ಅಲ್ಲಿ ಮೂಡುವುದು. ಕಲೆಗಳಿದ್ದರೆ ಕೂಡಲೇ ಕಾಣುವುವು. ಅವುಗಳಿಗೆ ಮರುಳಾಗದೆ ಬಿಂಬದ ಅಂಚನ್ನು ನೋಡಿರಿ. ಅಂಚಿನ ಕಡೆ ಬಿಂಬವು ಸ್ವಲ್ಪ ಮಸುಕಾಗಿರುವುದು. ಆ ಮಸುಕಿನ ಮೇಲೆ ಕೋಲಂ ಗೆರೆ ಒರಸಿದಂತೆ ನಸುಬಿಳಿಯ ಹರಕು ತೇಪೆಗಳು ಕಂಡರೆ, ಅವೇ ಸಾವಿರಾರು ಕಿರುಪಂಜುಗಳ ಜಾತ್ರೆ. ಪೂರ್ವದ ಅಂಚಿನಲ್ಲಿ ಕಂಡ ತೇಪೆಯನ್ನು ಕಾಗದದ ಮೇಲೆ ಗುರುತು ಮಾಡಿ ದಿನವೂ ಅದೇ ಹೊತ್ತಿಗೆ ನೋಡುತ್ತ ಹೋದರೆ, ಅದು ಒಳಕ್ಕೆ ಸರಿದು, ಬಿಂಬದ ನಡುವೆ ಕಣ್ಣಿಗೆ ಕಾಣದಂತಾಗಿ, ಎರಡು ವಾರಗಳ ಒಳಗೆ ಪಶ್ಚಿಮದ ಅಂಚಿನಲ್ಲಿ ಮತ್ತೆ ಬೆಳ್ಳಗೆ ತೋರುವುದು.